ಮೇಜಿನ ಐಪಿ ಫೋನು: ಬೆಳೆದ ದಾರಿ, ಕೆಡುವ ಜಾಗ

ಹಳೆಯ ಲ್ಯಾಂಡ್‌ಲೈನಿನಲ್ಲಿ ಕರೆ ನಡೆಯುವಷ್ಟು ಹೊತ್ತೂ ಎರಡು ತುದಿಗಳ ನಡುವಿನ ದಾರಿ ಆ ಒಂದೇ ಕರೆಗೆ ಮೀಸಲಾಗಿರುತ್ತಿತ್ತು. ಬೇಕಾದ ಕರೆಂಟೂ ಅದೇ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಕೆಟ್ಟರೆ ಲೈನ್‌ಮನ್ ಬಂದು ತಂತಿ ನೋಡುತ್ತಿದ್ದ. ಇಂದು ಕಚೇರಿಯ ಮೇಜಿನ ಮೇಲಿರುವ ಐಪಿ ಫೋನಿಗೂ ರಿಸೀವರ್ ಇದೆ, ಗುಂಡಿಗಳಿವೆ. ಒಳಗೆ ಮಾತ್ರ ಅದೊಂದು ಪುಟ್ಟ ಕಂಪ್ಯೂಟರು. ಐದು ದಶಕಗಳಲ್ಲಿ ಹಂತಹಂತವಾಗಿ ಕಟ್ಟಿದ ತಂತ್ರಜ್ಞಾನವಾದ್ದರಿಂದ ಅದರ ಒಂದೊಂದು ಕಾಯಿಲೆಯ ಬೇರು ಒಂದೊಂದು ಹಂತದಲ್ಲಿದೆ. ಆ ಹಂತ ಗೊತ್ತಾದರೆ ದುರಸ್ತಿ ಅರ್ಧ ಮುಗಿದಂತೆ. ಹೊಸ ಫೋನು ಆರಿಸುವುದೂ ಸುಲಭ.

ಮೊದಲ ಹಂತ 1974ರದು. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೂ ಎಂಐಟಿಯ ಲಿಂಕನ್ ಪ್ರಯೋಗಾಲಯಕ್ಕೂ ನಡುವೆ ಮಾತನ್ನು ಪ್ಯಾಕೆಟ್‌ಗಳಾಗಿ ಕತ್ತರಿಸಿ ಕಳಿಸುವ ಪ್ರಯೋಗ ನಡೆಯಿತು. ಅದರ ಮುಂದಾಳು ಡ್ಯಾನಿ ಕೋಹೆನ್. ಕಡತ ಕಳಿಸುವಾಗ ಒಂದು ಪ್ಯಾಕೆಟ್ ಕಳೆದರೆ ಮತ್ತೆ ತರಿಸಿಕೊಳ್ಳಬಹುದು; ಮಾತಿನಲ್ಲಿ ತಡವಾಗಿ ಬಂದ ಪ್ಯಾಕೆಟ್ ಬಾರದ ಪ್ಯಾಕೆಟ್‌ಗೆ ಸಮ. ಇಂದಿಗೂ ಧ್ವನಿ ತುಂಡುತುಂಡಾಗಿ ಕೇಳಿದರೆ ಕಾರಣ ಬಹುಪಾಲು ಇಲ್ಲೇ ಇರುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆ ಸಹಜವಾಗಿ ಸಾಗುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಪ್ಯಾಕೆಟ್‌ಗಳ ನಡುವಿನ ಅಂತರ ಏರುಪೇರಾದರೆ ಅದನ್ನು ಸರಿದೂಗಿಸಲು ಫೋನು ಅವನ್ನು ಕ್ಷಣಕಾಲ ತಡೆದಿಟ್ಟುಕೊಳ್ಳುತ್ತದೆ. ಏರುಪೇರು ಮಿತಿ ಮೀರಿದಾಗ ಮಾತು ಕಡಿಯುತ್ತದೆ.

ಎರಡನೆಯ ಹಂತ 1990ರ ದಶಕ. ಇಸ್ರೇಲಿನ ವೋಕಲ್‌ಟೆಕ್ 1995ರಲ್ಲಿ ಸಾಮಾನ್ಯ ಕಂಪ್ಯೂಟರಿನಲ್ಲೇ ಮಾತಾಡುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಇಂಥ ಕರೆಗಳಿಗೆ ಎಚ್.323 ಎಂಬ ಮಾನದಂಡ ಬಂತು. ಧ್ವನಿ ಸಾಗಿಸುವ ಆರ್‌ಟಿಪಿ ಎಂಬ ನಿಯಮವೂ ಆ ವರ್ಷದ್ದೇ. 1999ರಲ್ಲಿ ಮೊದಲು ಪ್ರಕಟವಾಗಿ 2002ರಲ್ಲಿ ಪರಿಷ್ಕೃತವಾದ ಸಿಪ್ ಎಂಬ ನಿಯಮ ಮುಂದೆ ಇಡೀ ಕ್ಷೇತ್ರವನ್ನು ಆವರಿಸಿತು. ಕರೆ ಮಾಡುವುದು, ಎತ್ತುವುದು, ಇಡುವುದು ಸಿಪ್‌ನ ಕೆಲಸ. ಧ್ವನಿ ಆರ್‌ಟಿಪಿಯಲ್ಲಿ ಬೇರೆಯಾಗಿಯೇ ಹೋಗುತ್ತದೆ.

ಕಚೇರಿಗಳ ತಲೆನೋವು ಹೆಚ್ಚಾಗಿ ಹುಟ್ಟುವುದು ಈ ಎರಡು ದಾರಿಗಳ ನಡುವೆ. ‘ಧ್ವನಿಯನ್ನು ಈ ವಿಳಾಸಕ್ಕೆ ಕಳಿಸು’ ಎಂದು ಫೋನು ಸಿಪ್ ಸಂದೇಶದ ಒಳಗೇ ಬರೆದು ಕಳಿಸುತ್ತದೆ. ರೂಟರಿನ ಹಿಂದಿರುವ ಫೋನಿಗೆ ಗೊತ್ತಿರುವುದು ಕಚೇರಿಯ ಒಳಗಿನ ವಿಳಾಸ ಮಾತ್ರ. ಹೊರಗಿನವರಿಗೆ ಅದರಿಂದ ಉಪಯೋಗವಿಲ್ಲ. ಹೀಗಾಗಿ ಫೋನು ರಿಂಗಾಗುತ್ತದೆ, ಎತ್ತಿದರೆ ಒಬ್ಬರ ಮಾತು ಮಾತ್ರ ಕೇಳುತ್ತದೆ. ಇದನ್ನು ಸರಿಪಡಿಸಲೆಂದು ರೂಟರುಗಳಲ್ಲಿ ಇಟ್ಟ ಸಿಪ್ ಎಎಲ್‌ಜಿ ಎಂಬ ಸೌಲಭ್ಯವೇ ಎಷ್ಟೋ ಸಲ ಸಂದೇಶವನ್ನು ಕೆಡಿಸುತ್ತದೆ. ಅನುಭವಸ್ಥ ತಂತ್ರಜ್ಞರು ಮೊದಲು ಅದನ್ನು ನಿಲ್ಲಿಸಿ ನೋಡುತ್ತಾರೆ. ಕರೆ ಪ್ರತಿ ಸಲವೂ ಅರ್ಧ ನಿಮಿಷಕ್ಕೆ ಕಡಿದುಹೋದರೆ ಅದಕ್ಕೂ ಲೆಕ್ಕವಿದೆ. ಎತ್ತಿದ ಕಡೆಯವರ ಉತ್ತರಕ್ಕೆ ಮರುಸ್ವೀಕೃತಿ ಬಾರದಿದ್ದರೆ ಸಿಪ್ 32 ಸೆಕೆಂಡು ಕಾದು ಕರೆಯನ್ನು ಕೈಬಿಡುತ್ತದೆ. ಹೊರಗೆ ಕರೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಒಳಗೆ ಕರೆ ಬಾರದಿದ್ದರೆ, ರೂಟರು ಆ ಫೋನಿನ ಗುರುತನ್ನು ಮರೆತಿದೆ ಎಂದರ್ಥ; ಫೋನು ಆಗಾಗ ಕರೆಗಳನ್ನು ಜೋಡಿಸುವ ಸರ್ವರಿಗೆ ಸದ್ದು ಕೊಡುವಂತೆ ಹೊಂದಿಸಬೇಕು.

ಮೂರನೆಯ ಹಂತದಲ್ಲಿ ಫೋನು ಮೇಜಿಗೆ ಬಂತು. ಸಿಸ್ಕೊ 1998ರಲ್ಲಿ ಸೆಲ್ಸಿಯಸ್ ಸಿಸ್ಟಮ್ಸ್ ಕಂಪನಿಯನ್ನು ಕೊಂಡು ಅದರ ಐಪಿ ಫೋನುಗಳನ್ನು ತನ್ನದಾಗಿಸಿಕೊಂಡಿತು. ಅವು ಮಾತಾಡುತ್ತಿದ್ದುದು ಕಂಪನಿಯ ಸ್ವಂತ ನಿಯಮದಲ್ಲಿ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಬರೆದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದಿಂದ ಸಾಧಾರಣ ಕಂಪ್ಯೂಟರೇ ಇಪಿಎಬಿಎಕ್ಸ್ ಆಗಬಲ್ಲದೆಂದಾಯಿತು. ಯಾವ ಕಂಪನಿಯದಾದರೂ ಸರಿ, ಸಿಪ್ ಫೋನು ಸಾಕು ಎನ್ನುವ ಕಾಲ ಬಂತು. 2003ರ ಪಿಒಇ ಮಾನದಂಡ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕೊಟ್ಟಿತು: ಸ್ವಿಚ್ಚಿನ ಒಂದು ಪೋರ್ಟಿನಿಂದ 15.4 ವ್ಯಾಟ್. ಹೊಸ ಫೋನು ಜೋಡಿಸಿದೊಡನೆ ಇನ್ನೊಂದು ಆರಿಹೋದರೆ, ಸ್ವಿಚ್ಚು ಒಟ್ಟಾರೆ ಕೊಡಬಲ್ಲ ವಿದ್ಯುತ್ತಿನ ಲೆಕ್ಕ ಮೀರಿರಬಹುದು. ಕರೆಂಟು ಹೋದಾಗಲೂ ಫೋನು ನಡೆಯಬೇಕಿದ್ದರೆ ಸ್ವಿಚ್ಚು, ರೂಟರು ಎರಡಕ್ಕೂ ಯುಪಿಎಸ್ ಬೇಕು.

ತಂತ್ರಜ್ಞಾನದ ಜೊತೆ ಕಾನೂನೂ ನಿಧಾನವಾಗಿ ಬದಲಾಯಿತು. ಭಾರತದಲ್ಲಿ ಇಂಟರ್ನೆಟ್ ದೂರವಾಣಿಗೆ 2002ರ ಏಪ್ರಿಲಿನಲ್ಲಿ ಸೀಮಿತ ಅನುಮತಿ ಸಿಕ್ಕಿತು. ಬೆಂಗಳೂರಿನ ಕಾಲ್ ಸೆಂಟರುಗಳ ಮಟ್ಟಿಗೆ ದೊಡ್ಡ ಸಡಿಲಿಕೆ ಬಂದದ್ದು 2020ರ ನವೆಂಬರಿನಲ್ಲಿ ಅವು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ಕಟ್ಟಳೆ ಹೋದಾಗ, 2021ರ ಜೂನಿನಲ್ಲಿ ದೇಶೀಯ ಮತ್ತು ಅಂತರರಾಷ್ಟ್ರೀಯ ಕೇಂದ್ರಗಳೆಂಬ ಭೇದ ಅಳಿದಾಗ.

ಇಷ್ಟು ಹಿನ್ನೆಲೆಯಲ್ಲಿ ಪರೀಕ್ಷೆಯ ಕ್ರಮ ತಾನಾಗಿಯೇ ಮೂಡುತ್ತದೆ. ಮೊದಲು ಕರೆಂಟು, ಕೇಬಲು; ಆಮೇಲೆ ಫೋನಿಗೆ ಐಪಿ ವಿಳಾಸ ಸಿಕ್ಕಿದೆಯೇ; ಆಮೇಲೆ ಸರ್ವರಿನಲ್ಲಿ ನೋಂದಣಿ; ಕೊನೆಗೆ ಧ್ವನಿ. ಪರದೆಯಲ್ಲಿ 403 ಕಂಡರೆ ಪಾಸ್‌ವರ್ಡ್ ನೋಡಿ. 408 ಎಂದರೆ ಸರ್ವರಿನಿಂದ ಉತ್ತರ ಬಂದಿಲ್ಲ. ಫೋನಿನ ಗಡಿಯಾರ ತಪ್ಪಿದ್ದರೂ ಭದ್ರತಾ ಪ್ರಮಾಣಪತ್ರ ತಿರಸ್ಕೃತವಾಗಿ ನೋಂದಣಿ ಸೋಲಬಹುದು. ಒಂದೇ ಫೋನು ಕೆಟ್ಟಿದ್ದರೆ ಫೋನಿನ ಕಡೆ ನೋಡಿ. ಎಲ್ಲವೂ ಒಟ್ಟಿಗೆ ಕೆಟ್ಟಿದ್ದರೆ ರೂಟರಿನ ಕಡೆ.

ಆಯ್ಕೆಯಲ್ಲಿ ವೇಗದ ಚಿಂತೆ ಅಷ್ಟಾಗಿ ಬೇಡ. ಜಿ.711 ಎಂಬ ಸಾಮಾನ್ಯ ಧ್ವನಿ ಸಂಕೇತದ ಕರೆಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು; ಇಪ್ಪತ್ತು ಕರೆಗಳು ಸೇರಿದರೂ ಎರಡು ಮೆಗಾಬಿಟ್ ದಾಟುವುದಿಲ್ಲ. ಯಾರೋ ದೊಡ್ಡ ಕಡತ ಕಳಿಸುವಾಗ ಧ್ವನಿ ಹಿಂದೆ ಬೀಳದಂತೆ ಅದಕ್ಕೆ ಆದ್ಯತೆ ಕೊಡುವ ಸ್ವಿಚ್ಚು, ರೂಟರುಗಳಿವೆಯೇ ಎಂಬುದು ಮುಖ್ಯ. ಫೋನಿನಲ್ಲಿ ನೋಡಬೇಕಾದ್ದು ಕೆಲವೇ ಸಂಗತಿ: ಮುಕ್ತ ಸಿಪ್ ಬೆಂಬಲ, ಒಬ್ಬ ಸೇವಾದಾರನಿಗೆ ಬೀಗ ಹಾಕಿರದ ಸ್ಥಿತಿ, ಸ್ಪಷ್ಟ ಧ್ವನಿಗೆ ಜಿ.722, ಮಾತಿನ ಗೂಢಲಿಪೀಕರಣ, ತಯಾರಕರಿಂದ ಈಗಲೂ ಬರುತ್ತಿರುವ ಅಪ್‌ಡೇಟ್. ಫೋನಿನ ಮೂಲಕವೇ ಕಂಪ್ಯೂಟರಿಗೆ ಸಂಪರ್ಕ ಕೊಡುವುದಾದರೆ ಗಿಗಾಬಿಟ್ ಪೋರ್ಟ್ ಇರಲಿ. ಇಲ್ಲವಾದರೆ ಕಂಪ್ಯೂಟರೂ 100 ಮೆಗಾಬಿಟ್‌ಗೆ ಇಳಿಯುತ್ತದೆ.

ಮೊಬೈಲು, ಲ್ಯಾಪ್‌ಟಾಪುಗಳಲ್ಲೇ ಕರೆ ಮುಗಿಯುವ ಈ ದಿನಗಳಲ್ಲಿ ಎಲ್ಲ ಮೇಜಿಗೂ ಫೋನು ಬೇಕಿಲ್ಲ. ಸ್ವಾಗತ ಕೌಂಟರು, ಆಸ್ಪತ್ರೆಯ ವಾರ್ಡು, ಹೋಟೆಲು, ಕಾರ್ಖಾನೆಯಂಥ, ಯಾರು ಬೇಕಾದರೂ ಎತ್ತಬೇಕಾದ ಕಡೆ ಬೇಕು. ಅಲ್ಲಿಗೂ ಒಟ್ಟಿಗೆ ಕೊಳ್ಳುವ ಮೊದಲು ಒಂದೆರಡು ಫೋನುಗಳನ್ನು ತರಿಸಿ, ಕಚೇರಿಯ ಅತಿ ಗಡಿಬಿಡಿಯ ಹೊತ್ತಿನಲ್ಲಿ ಬಳಸಿ ನೋಡಬೇಕು. ಆಗ ಬರುವ ದೂರುಗಳು ಫೋನಿನವೋ ಜಾಲದವೋ ಎಂದು ವಿಂಗಡಿಸಿದ ಮೇಲೆ ದುಡ್ಡು ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ.