ಆಟದ ಪೆಟ್ಟಿಗೆಯೊಳಗೆ ಸಿನಿಮಾ

1990ರ ದಶಕದಲ್ಲಿ ದಾವಣಗೆರೆ, ಹರಿಹರದಂಥ ಊರುಗಳ ಮಕ್ಕಳಿಗೆ ಟಿವಿ ಗೇಮ್ ಎಂದರೆ ಕ್ಯಾಸೆಟ್ ಸಿಕ್ಕಿಸಿ ಮಾರಿಯೋನನ್ನು ಓಡಿಸುವ ಅಗ್ಗದ ಪೆಟ್ಟಿಗೆ. ಅದು ಆಟಕ್ಕೆ ಮಾತ್ರ.

2000ರ ಮಾರ್ಚ್‌ನಲ್ಲಿ ಜಪಾನಿನಲ್ಲಿ 39,800 ಯೆನ್‌ಗೆ ಬಿಡುಗಡೆಯಾದ ಪ್ಲೇಸ್ಟೇಷನ್ 2 ಎಂಬ ಆಟದ ಪೆಟ್ಟಿಗೆ ಡಿವಿಡಿ ಸಿನಿಮಾವನ್ನೂ ತೋರಿಸಿತು. ಡಿವಿಡಿ ಪ್ಲೇಯರ್‌ಗಳೇ ದುಬಾರಿಯಾಗಿದ್ದ ಕಾಲವದು. ಒಂದೇ ದುಡ್ಡಿಗೆ ಎರಡು ಯಂತ್ರ ಸಿಕ್ಕಂತಾಯಿತು. ಆ ಬೆಲೆ ಖಂಡಿತ ನ್ಯಾಯವಾದದ್ದು.

ಮರುವರ್ಷ ಪ್ಯಾನಾಸೋನಿಕ್, ನಿಂಟೆಂಡೊದ ಗೇಮ್‌ಕ್ಯೂಬ್‌ಗೆ ಡಿವಿಡಿ ಸೇರಿಸಿ ‘ಕ್ಯೂ’ ಎಂಬ ಹೊಳೆಯುವ ಪೆಟ್ಟಿಗೆ ತಂದಿತು. ಬರೀ ಗೇಮ್‌ಕ್ಯೂಬ್‌ಗಿಂತ ಬೆಲೆ ಬಹಳ ಹೆಚ್ಚು. ಕೊಂಡವರು ಕಡಿಮೆ; 2003ರಲ್ಲಿ ತಯಾರಿಕೆ ನಿಂತಿತು.

2007ರಲ್ಲಿ, ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಹೊತ್ತ ಪ್ಲೇಸ್ಟೇಷನ್ 3 ಭಾರತಕ್ಕೆ ಬಂದಾಗ ಬೆಲೆ 39,990 ರೂಪಾಯಿ. ಮನೆಯಲ್ಲಿ ಹಳೆಯ ಟಿವಿ ಇದ್ದವರಿಗೆ ಬ್ಲೂ-ರೇಯ ಸ್ಪಷ್ಟತೆ ಕಾಣುವಂತೆಯೇ ಇರಲಿಲ್ಲ. ಬಳಸಲಾಗದ ಸೌಲಭ್ಯಕ್ಕೆ ಮಧ್ಯಮ ವರ್ಗದವರು ಹಣ ತೆರಬೇಕಾದದ್ದು ಅನ್ಯಾಯವೇ. ಅದೇ ಅವಧಿಯಲ್ಲಿ ಡಿವಿಡಿ ಸಿನಿಮಾವನ್ನೂ ತೋರಿಸದ ನಿಂಟೆಂಡೊದ ‘ವೀ’ ಪೆಟ್ಟಿಗೆ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಗಿ ಪ್ಲೇಸ್ಟೇಷನ್ 3ನ್ನು ಹಿಂದಿಕ್ಕಿತು.