ಹೆಳವರ ಪುಸ್ತಕದಲ್ಲಿ ಇಲ್ಲದ ಹೆಸರು

ಸುಗ್ಗಿ ಮುಗಿದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಊರುಗಳಲ್ಲಿ ಬೆಳಗ್ಗೆ ಗಂಟೆ ಸದ್ದು ಕೇಳಿದರೆ ಹೆಳವರು ಬಂದಿದ್ದಾರೆ ಎಂದು ಹಿರಿಯರಿಗೆ ಗೊತ್ತಾಗುತ್ತದೆ. ಹಿಂದೆ ಸಿಂಗರಿಸಿದ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಈಗ ಗಾಡಿಯಲ್ಲಿ ಬರುವವರೂ ಇದ್ದಾರೆ. ಬಂದವರು ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚುತ್ತಾರೆ. ಆ ಮನೆತನ ಮೂಲದಲ್ಲಿ ಯಾವ ಊರಿನದು, ಯಾರಿಂದ ಯಾರು ಹುಟ್ಟಿದರು, ಯಾವ ಕಾಲಕ್ಕೆ ಇಲ್ಲಿಗೆ ಬಂದು ನೆಲೆಸಿದರು ಎಂದು ಓದುತ್ತಾ ಹೋಗುತ್ತಾರೆ.

ನಮ್ಮ ಗುಂಪಿನ ಗೆಳೆಯನೊಬ್ಬನ ಮನೆಗೆ ಹೀಗೆ ಹೆಳವರು ಬಂದಾಗ ನಾವೂ ಅಲ್ಲಿದ್ದೆವು. ಏಳು ತಲೆಮಾರಿನ ಹೆಸರು ಹೇಳಿದರು. ಕೊನೆಗೆ ಗೆಳೆಯನ ಹೆಸರೂ ಬಂತು, ಅವನ ತಮ್ಮನ ಹೆಸರೂ ಬಂತು. ತವರಿಗೆ ಬಂದಿದ್ದ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು: ‘ಯಜ್ಜಾ, ನನ್ನ ಹೆಸರ ಎಲ್ಲೈತಿ?’ ಅಜ್ಜ ನಕ್ಕ: ‘ನೀ ಕೊಟ್ಟ ಮನ್ಯಾಗ ಬರ್ತಿ ಬಿಡವ್ವಾ.’ ‘ಅಲ್ಲೂ ಕೇಳೇನಿ, ಅಲ್ಲೂ ಇಲ್ಲ’ ಅಂದಳು ಅಕ್ಕ. ಅಜ್ಜ ಮಾತಾಡಲಿಲ್ಲ. ನಮಗೂ ಏನು ಹೇಳಬೇಕೆಂದು ತೋಚಲಿಲ್ಲ.

ಹಾಗಂತ ಹೆಳವರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅವರು ಬರೆದದ್ದು ಮನೆಯವರು ಬರೆಸಿದ್ದನ್ನೇ. ಹೆಳವ ಎಂದರೆ ನಡೆಯಲಾಗದವನು ಎಂದು ಅರ್ಥ. ಮೂಲಪುರುಷನಿಗೆ ಕಾಲಿರಲಿಲ್ಲ, ಅವನನ್ನು ಎತ್ತಿನ ಮೇಲೆ ಕೂರಿಸಿ ಊರೂರಿಗೆ ಕಳಿಸಿದವರು ಬಸವಣ್ಣ ಎಂಬ ಐತಿಹ್ಯವನ್ನು ಅವರು ಹೇಳಿಕೊಳ್ಳುತ್ತಾರೆ. ಕಾಳು, ಬಟ್ಟೆ, ಕೆಲವೊಮ್ಮೆ ದನವನ್ನೂ ಕಾಣಿಕೆಯಾಗಿ ಪಡೆದು, ಒಕ್ಕಲುತನದ ಕುಟುಂಬಗಳ ನೆನಪನ್ನು ತಲೆಮಾರುಗಳಿಂದ ಹೊತ್ತು ತಿರುಗಿದವರು ಅವರು. ಅವರ ಮಕ್ಕಳು ಈಗ ಶಾಲೆ, ಕೆಲಸ ಎಂದು ಬೇರೆ ದಾರಿ ಹಿಡಿದಿದ್ದಾರೆ. ಅದು ಸರಿಯೇ. ಆದರೆ ಪುಸ್ತಕ ಓದಬಲ್ಲ ಹಿರಿಯರು ತೀರಿಕೊಂಡರೆ ಆ ಅಕ್ಷರ ಯಾರಿಗೆ ತಿಳಿಯುತ್ತದೆ?

ಈ ಪ್ರಶ್ನೆಯಿಂದಲೇ ನಾವು ಕೆಲವರು ಸೇರಿ ನಮ್ಮ ನಮ್ಮ ಊರುಗಳ ಇತಿಹಾಸಕ್ಕೆ ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ವಸ್ತುಸಂಗ್ರಹಾಲಯ ಮಾಡಲು ಹೊರಟೆವು. ಇಂಥದ್ದು ನಮಗಿಂತ ಮೊದಲೇ ನಡೆದಿದೆ. ಅನುಷಾ ಯಾದವ್ 2010ರಲ್ಲಿ ಶುರು ಮಾಡಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಮನೆಮನೆಯ ಹಳೆಯ ಫೋಟೊಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಕೂಡಿಸಿತು. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೆತ್ತಿಕೊಂಡಿತು. ಹೆಬ್ಬಾಳದಲ್ಲಿ ಸಿಕ್ಕ, ಗಂಗರ ಶ್ರೀಪುರುಷನ ಕಾಲದ ವೀರಗಲ್ಲಿನಲ್ಲಿರುವ ಕಿತ್ತಯ್ಯನ ಹೆಸರನ್ನು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಇವತ್ತಿನ ಹುಡುಗರು ಮೊಬೈಲಿನಲ್ಲಿ ಓದುತ್ತಾರೆ.

ನಮ್ಮಲ್ಲಿ ಇದ್ದದ್ದು ಫೋನು ಮತ್ತು ರಜೆಯ ದಿನಗಳು ಮಾತ್ರ. ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾವು ಕಂಡುಕೊಂಡ ದಾರಿ ಹೇಳುತ್ತೇವೆ.

ಮೊದಲು ಮನೆಯ ಹಿರಿಯರು. ಇಸವಿ ಕೇಳಬೇಡಿ, ಸಿಗುವುದಿಲ್ಲ. ‘ಬರ ಬಿದ್ದ ವರ್ಷವೋ, ಮುಂದಿನದೋ?’ ‘ಗಾಂಧೀಜಿ ತೀರಿಕೊಂಡಾಗ ಮದುವೆ ಆಗಿತ್ತಾ?’ ಎಂದು ಕೇಳಿ. ಆಮೇಲೆ ಶಾಲೆಯ ದಾಖಲಾತಿ ಪುಸ್ತಕ. ಅಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿರುತ್ತದೆ. ಮಾಸ್ತರರು ಶಾಲೆ ತೆರೆಯುವ ಲೆಕ್ಕಕ್ಕೆ ಬರೆದ ತಾರೀಖು ಅದು. ಹುಟ್ಟಿದ ದಿನ ಸುಳ್ಳಾದರೂ ತಂದೆಯ ಹೆಸರು, ಕಸುಬು, ಊರು ಉಪಯೋಗಕ್ಕೆ ಬರುತ್ತವೆ.

ಮೂರನೆಯದು ಜಮೀನಿನ ಕಾಗದ. ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದವು. ಆದರೆ ಬೇರು ಹುಡುಕುವವರಿಗೆ ಅದಕ್ಕೂ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆ ಪುಸ್ತಕಗಳೇ ಬೇಕು. ಸ್ವಂತ ಭೂಮಿ ಇಲ್ಲದವರು ಪಹಣಿಯ ಮಾಲೀಕರ ಕಲಂನಲ್ಲಿ ಸಿಗುವುದಿಲ್ಲ. ಅವರಲ್ಲಿ ಗೇಣಿದಾರರಾಗಿದ್ದವರನ್ನು 1974ರ ಭೂಸುಧಾರಣೆ ತಿದ್ದುಪಡಿಯ ನಂತರದ ಕಡತಗಳಲ್ಲಿ ಹುಡುಕಬಹುದು. ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು ‘ಈ ಹೊಲ ಉಳುತ್ತಾ ಬಂದವನು ನಾನು’ ಎಂದವರ ಹೆಸರು ಅಲ್ಲಿದೆ. ಎಷ್ಟೋ ಮನೆತನಗಳು ಸರಕಾರಿ ಕಾಗದದಲ್ಲಿ ಕಾಣಿಸಿಕೊಂಡದ್ದೇ ಆಗ. ಉಳುವ ಗೇಣಿಯೂ ಇಲ್ಲದೆ ಕೂಲಿಯಲ್ಲೇ ಬದುಕಿದವರ ಕಥೆಗೆ ಬಾಯಿಮಾತೇ ದೊಡ್ಡ ಆಧಾರ. ಅದನ್ನು ಧ್ವನಿಮುದ್ರಿಸದಿದ್ದರೆ ಮುಗಿಯಿತು.

ಇನ್ನೂ ಹಿಂದೆ ಹೋದರೆ ಊರಿನ ಚರಿತ್ರೆ ಸಿಗುತ್ತದೆ, ಮನೆಯದಲ್ಲ. 1799ರಲ್ಲಿ ಟಿಪ್ಪು ಮಡಿದ ನಂತರ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಬಂದ. ಅವನ ಸಹಾಯಕರು ಊರೂರಲ್ಲಿ ಕೇಳಿ ಬರೆಸಿದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟಿದ್ದಾರೆ. ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಾಸನಗಳು ಈಗ ಇಂಟರ್‌ನೆಟ್ಟಿನಲ್ಲಿ ಓದಲು ಸಿಗುತ್ತವೆ. ನಿಮ್ಮೂರ ಹನುಮಪ್ಪನ ಗುಡಿಯ ಹಿಂದೆ ಬಟ್ಟೆ ಒಗೆಯಲು ಬಳಸುವ ಕಲ್ಲು ಅದರಲ್ಲಿರಬಹುದು, ಒಮ್ಮೆ ನೋಡಿ.

ಇಷ್ಟೆಲ್ಲ ಹುಡುಕಿದರೂ ಅಕ್ಕನ ಪ್ರಶ್ನೆ ಹಾಗೇ ಉಳಿಯಿತು. ಎಲ್ಲ ಕಾಗದದಲ್ಲೂ ಗಂಡಸರೇ ಹೆಚ್ಚು. ಹೆಂಗಸರು ‘ಇವರ ಹೆಂಡತಿ’, ‘ಇವರ ತಾಯಿ’. ಇದು ಬರೀ ಹಳೆಯ ನೆನಪಿನ ವಿಷಯವಲ್ಲ. ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕು. ಅದನ್ನು ಬರೆಸುವಾಗ ಹೆಣ್ಣುಮಕ್ಕಳನ್ನು ‘ಮರೆತ’ ಸಂಗತಿಗಳನ್ನು ನಾವು ನಮ್ಮ ಮನೆಗಳಲ್ಲೇ ಕೇಳಿದ್ದೇವೆ. ಕಾನೂನು ಎಂದೋ ಬದಲಾಗಿದೆ. ಕರ್ನಾಟಕವು 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ತಂದೆ ಆ ಹೊತ್ತಿಗೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ವಂಶವೃಕ್ಷದಲ್ಲಿ ಹೆಸರು ಬಿಟ್ಟುಹೋದರೆ ಈ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಎಷ್ಟು ಜನ ಹತ್ತುತ್ತಾರೆ?

ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು. ನಮ್ಮ ಸಂಗ್ರಹದಲ್ಲಿ ಯಾವ ವಂಶಾವಳಿಯನ್ನೂ ಹೆಣ್ಣುಮಕ್ಕಳ ಹೆಸರಿಲ್ಲದೆ ಹಾಕುವುದಿಲ್ಲ. ಹೆಸರು ಸಿಗದಿದ್ದರೆ ಜಾಗ ಖಾಲಿ ಬಿಡುತ್ತೇವೆ. ಆ ಖಾಲಿ ಮನೆ ನೋಡಿದವರಿಗೆ ಚುಚ್ಚಲಿ.

ಎರಡನೆಯ ನಿಯಮ ಜಗಳವಾಡಿ ಮಾಡಿಕೊಂಡದ್ದು. ಬದುಕಿರುವವರ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹಾಕುವುದಿಲ್ಲ. ದತ್ತು ಬಂದವರು, ಓಡಿಹೋಗಿ ಮದುವೆಯಾದವರು, ದೇವರಿಗೆ ಬಿಟ್ಟ ತಾಯಿಯ ಹೆಸರಿನಲ್ಲೇ ಬೆಳೆದವರು ಎಲ್ಲ ಊರಲ್ಲೂ ಇದ್ದಾರೆ. ಜಾತಿಯ ಹೆಸರು ಹಿಡಿದು ಹೀಯಾಳಿಸುವ ಕಾಲದಲ್ಲಿ ಒಬ್ಬರ ಬೇರನ್ನು ಅವರನ್ನು ಕೇಳದೆ ಜಗತ್ತಿಗೆ ತೋರಿಸುವುದು ಇತಿಹಾಸದ ಕೆಲಸವಲ್ಲ. ಹೆಳವರ ಪುಸ್ತಕವನ್ನೂ ಅವರು ಒಪ್ಪಿದಷ್ಟೇ ಪುಟ ಫೋಟೊ ತೆಗೆದೆವು. ಅದು ಅವರ ಅನ್ನ.

ಗೆಳೆಯನ ಮನೆಯ ಮುತ್ತಜ್ಜಿಯ ಹೆಸರು ಕೊನೆಗೂ ಸಿಕ್ಕಿತು. ಹೆಳವರ ಪುಸ್ತಕದಲ್ಲಲ್ಲ, ಪಹಣಿಯಲ್ಲೂ ಅಲ್ಲ. ಅಟ್ಟದ ಮೇಲೆ ಸೊಟ್ಟಾಗಿ ಬಿದ್ದಿದ್ದ ಹಿತ್ತಾಳೆ ಕೊಡದ ಕಂಠದಲ್ಲಿ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು, ತವರೂರು ಕೆತ್ತಿಸಿದ್ದರು. ಅಕ್ಕ ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ನಾವು ಫೋಟೊ ತೆಗೆದೆವು. ಈಗ ಆ ಕೊಡ ನಮ್ಮ ಸಂಗ್ರಹದ ಮೊದಲ ವಸ್ತು.

ಆ ಮನೆಗೆ ಹೆಳವರು ಇನ್ನೊಮ್ಮೆ ಬಂದಾಗ ಎರಡು ಹೆಸರು ಬರೆಸುವುದಿದೆ. ಒಂದು ಮುತ್ತಜ್ಜಿಯದು, ಇನ್ನೊಂದು ಅಕ್ಕನದು. ನಿಮ್ಮ ಅಟ್ಟದ ಪಾತ್ರೆಗಳನ್ನೂ ಒಮ್ಮೆ ಇಳಿಸಿ ನೋಡಿ.