ಬ್ಲಾಸ್ಟ್ ಹಂತ (ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ)

ಬ್ಲಾಸ್ಟ್ ಹಂತ ಅಥವಾ ಬ್ಲಾಸ್ಟ್ ಕ್ರೈಸಿಸ್ ಎಂಬುದು ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಆದ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್) ತೀವ್ರ ಲ್ಯುಕೇಮಿಯಾ ಆಗಿ ಮಾರ್ಪಡುವ ಸ್ಥಿತಿ. ಅಸ್ಥಿಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳು ಪಕ್ವವಾದ ಮೇಲೆ ರಕ್ತವನ್ನು ಸೇರುವುದು ಸಹಜ ಕ್ರಮ. ಈ ಹಂತದಲ್ಲಿ ಅವು ಎಳೆಯ ಸ್ಥಿತಿಯಲ್ಲಿಯೇ ಉಳಿದು ಎಡೆಬಿಡದೆ ವೃದ್ಧಿಸುತ್ತವೆ. ಇಂತಹ ಎಳೆಯ ಕಣಗಳನ್ನು ಬ್ಲಾಸ್ಟ್‌ಗಳೆಂದು ಕರೆಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ರಕ್ತದಲ್ಲಾಗಲಿ ಮಜ್ಜೆಯಲ್ಲಾಗಲಿ ಬ್ಲಾಸ್ಟ್‌ಗಳ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಅವು ಮಜ್ಜೆಯ ಹೊರಗೆ ಗಡ್ಡೆಯಾಗಿ ಕಾಣಿಸಿಕೊಂಡರೆ ಬ್ಲಾಸ್ಟ್ ಹಂತವೆಂದು ಪರಿಗಣಿಸಲಾಗುತ್ತದೆ. ಯುರೋಪಿನ ತಜ್ಞರ ಮಾನದಂಡದಲ್ಲಿ ಈ ಗಡಿ ಶೇ. 30.

ರೋಗದ ಹಂತಗಳು

ಸಿಎಂಎಲ್ ಬಹುಪಾಲು ರೋಗಿಗಳಲ್ಲಿ ದೀರ್ಘಕಾಲಿಕ ಹಂತದಲ್ಲಿ ಪತ್ತೆಯಾಗುತ್ತದೆ. ಆಗ ರೋಗಿಗೆ ಆಯಾಸ, ತೂಕ ಇಳಿಕೆ, ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಹಿಗ್ಗಿ ಭಾರವೆನಿಸುವುದು ಇತ್ಯಾದಿ ಲಕ್ಷಣಗಳಿರಬಹುದು. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಆಕಸ್ಮಿಕವಾಗಿ ತಿಳಿಯುವುದೂ ಉಂಟು. ಈಗಿನ ಔಷಧಿಗಳು ಬರುವ ಮೊದಲು ಈ ಹಂತ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಮುಂದುವರಿದು, ಬಳಿಕ ಬ್ಲಾಸ್ಟ್ ಹಂತಕ್ಕೆ ತಿರುಗುತ್ತಿತ್ತು. ನಡುವೆ ವೇಗವರ್ಧಿತ ಹಂತವೊಂದನ್ನು ಗುರುತಿಸುವ ರೂಢಿಯಿತ್ತು. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದನ್ನು ಕೈಬಿಟ್ಟಿದೆ. ಅದೇ ವರ್ಷ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ವರ್ಗೀಕರಣ ಉಳಿಸಿಕೊಂಡಿದೆ.

ಕಾರಣ

1960ರಲ್ಲಿ ಅಮೆರಿಕದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದನ್ನು ಗುರುತಿಸಿದರು. ಪತ್ತೆಯಾದ ಊರಿನ ಹೆಸರಿನಿಂದ ಅದು ಫಿಲಡೆಲ್ಫಿಯಾ ವರ್ಣತಂತು ಎನಿಸಿಕೊಂಡಿತು. 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದರಿಂದ ಅದು ಉಂಟಾಗುತ್ತದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಈ ಅದಲುಬದಲಿನಿಂದ ಬಿಸಿಆರ್-ಎಬಿಎಲ್ ಎಂಬ ಜೋಡಿ ಜೀನು ರೂಪುಗೊಂಡು, ಕಣಗಳಿಗೆ ಸದಾ ವಿಭಜನೆಯ ಸಂದೇಶ ನೀಡುವ ಟೈರೋಸಿನ್ ಕೈನೇಸ್ ಕಿಣ್ವವನ್ನು ತಯಾರಿಸುತ್ತದೆ. ದೋಷ ಹುಟ್ಟಿದ ನಂತರ ಮಜ್ಜೆಯ ಕಣದಲ್ಲಿ ಉಂಟಾಗುವುದರಿಂದ ರೋಗ ತಂದೆತಾಯಿಯಿಂದ ಮಕ್ಕಳಿಗೆ ಬರುವುದಿಲ್ಲ, ಅಂಟುರೋಗವೂ ಅಲ್ಲ.

ಇದೇ ಕಿಣ್ವ ಸಕ್ರಿಯವಾಗಿರುವಷ್ಟು ಕಾಲವೂ ಕಣದ ಡಿಎನ್‌ಎಯಲ್ಲಿ ಹೊಸ ದೋಷಗಳು ಸೇರುತ್ತಾ ಹೋಗುತ್ತವೆ. ಎರಡನೆಯ ಫಿಲಡೆಲ್ಫಿಯಾ ವರ್ಣತಂತು, 8ನೆಯ ವರ್ಣತಂತುವಿನ ಹೆಚ್ಚುವರಿ ಪ್ರತಿ, 17ನೆಯ ವರ್ಣತಂತುವಿನ ವಿಕೃತಿ, ಟಿಪಿ53 ಮುಂತಾದ ಕಾವಲು ಜೀನುಗಳ ಹಾನಿ ಇವುಗಳಲ್ಲಿ ಮುಖ್ಯವಾದವು. ಕೊನೆಗೆ ಪಕ್ವವಾಗುವ ಸಾಮರ್ಥ್ಯವನ್ನೇ ಕಳೆದುಕೊಂಡ ಕಣವೊಂದರ ಸಂತತಿ ಮಜ್ಜೆಯನ್ನು ತುಂಬುತ್ತದೆ. ಸುಮಾರು ಮೂರನೆಯ ಎರಡರಷ್ಟು ರೋಗಿಗಳಲ್ಲಿ ಬ್ಲಾಸ್ಟ್‌ಗಳು ಮೈಲಾಯ್ಡ್ ಜಾತಿಯವು, ಉಳಿದವರಲ್ಲಿ ಹೆಚ್ಚಾಗಿ ಲಿಂಫಾಯ್ಡ್ ಜಾತಿಯವು. ಎರಡನೆಯದು ಚಿಕಿತ್ಸೆಗೆ ಸ್ವಲ್ಪ ಚೆನ್ನಾಗಿ ಸ್ಪಂದಿಸುತ್ತದೆ. ಆದರೆ ಔಷಧಿ ಫಲಿಸುತ್ತಿರುವಂತೆ ಕಾಣುವಾಗಲೇ ಥಟ್ಟನೆ ಎರಗುವುದೂ ಉಂಟು.

ಲಕ್ಷಣಗಳು ಮತ್ತು ಪತ್ತೆ

ಬಿಡದ ಜ್ವರ, ಮೂಳೆನೋವು, ಮತ್ತೆ ಮತ್ತೆ ಬರುವ ಸೋಂಕು, ವಸಡು ಮತ್ತು ಮೂಗಿನಿಂದ ರಕ್ತಸ್ರಾವ, ಚರ್ಮದ ಮೇಲೆ ಕೆಂಪು ಚುಕ್ಕೆಗಳು, ಹೆಚ್ಚುತ್ತಿರುವ ರಕ್ತಹೀನತೆ ಮತ್ತು ಇದ್ದಕ್ಕಿದ್ದಂತೆ ಹಿಗ್ಗುವ ಗುಲ್ಮ ಈ ಹಂತದ ಸಾಮಾನ್ಯ ಲಕ್ಷಣಗಳು. ಲಿಂಫಾಯ್ಡ್ ಬಗೆಯಲ್ಲಿ ರೋಗ ಮೆದುಳಿನ ಪೊರೆಗಳಿಗೂ ಹರಡಬಹುದು.

ಮಲೆನಾಡಿನಲ್ಲಿ ಈ ಲಕ್ಷಣಗಳಿಗೆ ಇನ್ನೊಂದು ಅರ್ಥವೂ ಇದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ) ಕಾಣಿಸಿಕೊಳ್ಳುತ್ತದೆ. ಚಳಿಗಾಲ ಮತ್ತು ಬೇಸಿಗೆಯಲ್ಲಿ ಕಾಡಿಗೆ, ತೋಟಕ್ಕೆ ಹೋಗಿಬಂದವರಿಗೆ ಜ್ವರ, ತೀವ್ರ ಮೈಕೈನೋವು ಮತ್ತು ರಕ್ತಸ್ರಾವ ಕಂಡರೆ ಮೊದಲು ಅದನ್ನೇ ಶಂಕಿಸುವುದು ಸರಿಯಾದ ಕ್ರಮ. ಎರಡರಲ್ಲಿಯೂ ಪ್ಲೇಟ್‌ಲೆಟ್‌ಗಳು ಇಳಿಯಬಹುದು. ಆದರೆ ಮಂಗನ ಕಾಯಿಲೆಯ ಆರಂಭದಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸಾಮಾನ್ಯವಾಗಿ ಕುಗ್ಗುತ್ತದೆ; ಬ್ಲಾಸ್ಟ್ ಹಂತದಲ್ಲಿ ಅದು ಬಹುತೇಕ ಏರಿರುತ್ತದೆ ಮತ್ತು ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಕಣಗಳು ಕಾಣುತ್ತವೆ. ಹೀಗಾಗಿ ರಕ್ತಕಣಗಳ ಪೂರ್ಣ ಎಣಿಕೆ ಮತ್ತು ರಕ್ತಲೇಪ ಎಂಬ ಎರಡು ಸರಳ ಪರೀಕ್ಷೆಗಳೇ ದಾರಿ ತೋರಿಸುತ್ತವೆ. ರೋಗವನ್ನು ಖಚಿತಪಡಿಸಲು ಮಜ್ಜೆಯ ಪರೀಕ್ಷೆ, ವರ್ಣತಂತು ಪರೀಕ್ಷೆ, ಬಿಸಿಆರ್-ಎಬಿಎಲ್ ಪರೀಕ್ಷೆ ಹಾಗೂ ಕಣಗಳ ಜಾತಿ ತಿಳಿಯಲು ಫ್ಲೋ ಸೈಟೋಮೆಟ್ರಿ ಬೇಕಾಗುತ್ತವೆ.

ತಡೆ

ಬ್ಲಾಸ್ಟ್ ಹಂತಕ್ಕೆ ಅತ್ಯುತ್ತಮ ಚಿಕಿತ್ಸೆ ಅದು ಬಾರದಂತೆ ನೋಡಿಕೊಳ್ಳುವುದೇ. 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಮಾಟಿನಿಬ್ ಮಾತ್ರೆ ಬಿಸಿಆರ್-ಎಬಿಎಲ್ ಕಿಣ್ವವನ್ನು ನೇರವಾಗಿ ತಡೆಯುತ್ತದೆ. ಐರಿಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಇಮಾಟಿನಿಬ್‌ನಿಂದ ಚಿಕಿತ್ಸೆ ಆರಂಭಿಸಿದವರ ಪೈಕಿ ಶೇ. 83ರಷ್ಟು ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದರು. ರೋಗ ಮುಂದಿನ ಹಂತಗಳಿಗೆ ಹೋದದ್ದು ಶೇ. 7ರಷ್ಟು ಮಂದಿಯಲ್ಲಿ ಮಾತ್ರ.

ಈ ಫಲ ದೊರೆಯಲು ಮಾತ್ರೆಯನ್ನು ದಿನವೂ ತಪ್ಪದೆ ಸೇವಿಸಬೇಕು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 30ರಷ್ಟು ರೋಗಿಗಳು ಚಿಕಿತ್ಸೆಯನ್ನು ನಡುನಡುವೆ ಬಿಟ್ಟಿದ್ದರು. ಐದು ವರ್ಷಗಳ ಕಾಲ ರೋಗ ಹತೋಟಿಯಲ್ಲಿದ್ದವರ ಪ್ರಮಾಣ ಅಂಥವರಲ್ಲಿ ಸುಮಾರು ಶೇ. 60, ಕ್ರಮವಾಗಿ ಸೇವಿಸಿದವರಲ್ಲಿ ಶೇ. 77. ಮೈ ಹಗುರವಾಯಿತು, ಗುಲ್ಮ ಇಳಿಯಿತು ಎಂಬುದು ರೋಗ ಹೋಯಿತೆಂಬುದಕ್ಕೆ ಸಾಕ್ಷಿಯಲ್ಲ. ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ಮಾಡುವ ಬಿಸಿಆರ್-ಎಬಿಎಲ್ ಪ್ರಮಾಣದ ಪರೀಕ್ಷೆಯೇ ಅದನ್ನು ಹೇಳಬಲ್ಲದು. ಹಲವು ವರ್ಷ ಆಳವಾದ ಪ್ರತಿಕ್ರಿಯೆ ಉಳಿದವರಲ್ಲಿ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡುವ ಕ್ರಮವೂ ಈಗ ಇದೆ; ತಾನಾಗಿ ನಿಲ್ಲಿಸುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಚಿಕಿತ್ಸೆ

ಬ್ಲಾಸ್ಟ್ ಹಂತ ತಲುಪಿದ ಮೇಲೆ ಇಮಾಟಿನಿಬ್ ಒಂದೇ ಸಾಲದು. ಡಸಾಟಿನಿಬ್‌ನಂತಹ ಮುಂದಿನ ತಲೆಮಾರಿನ ಔಷಧಿಯ ಜೊತೆಗೆ ತೀವ್ರ ಲ್ಯುಕೇಮಿಯಾಕ್ಕೆ ಕೊಡುವ ಕಿಮೋಥೆರಪಿ ನೀಡಲಾಗುತ್ತದೆ. ಟಿ315ಐ ಎಂಬ ರೂಪಾಂತರವಿದ್ದಲ್ಲಿ ಇವು ಫಲಿಸುವುದಿಲ್ಲ, ಪೊನಾಟಿನಿಬ್ ಬಳಸಬೇಕಾಗುತ್ತದೆ. ರೋಗವನ್ನು ಮತ್ತೆ ದೀರ್ಘಕಾಲಿಕ ಹಂತಕ್ಕೆ ತಂದು, ಹೊಂದುವ ದಾನಿಯಿಂದ ಆಕರಕೋಶಗಳನ್ನು ಪಡೆದು ಕಸಿ ಮಾಡುವುದೇ ದೀರ್ಘ ಬದುಕಿನ ಮುಖ್ಯ ಭರವಸೆ. ಕಸಿ ಸಾಧ್ಯವಾಗದವರಲ್ಲಿ ಬದುಕುಳಿಯುವ ಅವಧಿ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿದೆ. ಈ ಔಷಧಿಗಳಿಲ್ಲದ ಕಾಲದಲ್ಲಿ ಅದು ಕೆಲವೇ ತಿಂಗಳಾಗಿತ್ತು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಸಿಎಂಎಲ್ ಪಾಶ್ಚಾತ್ಯ ದೇಶಗಳಿಗಿಂತ ಒಂದು ದಶಕಕ್ಕೂ ಹೆಚ್ಚು ಮೊದಲೇ, ಹೆಚ್ಚಾಗಿ ಮೂವತ್ತರಿಂದ ನಲವತ್ತರ ವಯಸ್ಸಿನಲ್ಲಿ, ಪತ್ತೆಯಾಗುತ್ತದೆ. ದುಡಿಯುವ ವಯಸ್ಸಿನವರು ದಶಕಗಟ್ಟಲೆ ಮಾತ್ರೆ ಕೊಳ್ಳಬೇಕಾದ್ದರಿಂದ ಬೆಲೆಯ ಪ್ರಶ್ನೆ ಇಲ್ಲಿ ಚಿಕಿತ್ಸೆಯ ಪ್ರಶ್ನೆಯೇ ಆಗಿದೆ. ನೊವಾರ್ಟಿಸ್ ಕಂಪನಿಯ ಗ್ಲಿವೆಕ್‌ಗೆ ಒಮ್ಮೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೆಲೆಯಿದ್ದಾಗ, ಭಾರತೀಯ ಕಂಪನಿಗಳ ಜೆನೆರಿಕ್ ಮಾತ್ರೆ ಸುಮಾರು 8ರಿಂದ 10 ಸಾವಿರ ರೂಪಾಯಿಗೆ ಸಿಗುತ್ತಿತ್ತು. ಔಷಧಿಯ ಬೀಟಾ ಸ್ಫಟಿಕ ರೂಪಕ್ಕೆ ಪೇಟೆಂಟ್ ಕೋರಿದ ಅರ್ಜಿಯನ್ನು 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ತಿರಸ್ಕರಿಸಿತು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಅನ್ವಯ ಆ ಕೋರಿಕೆಯನ್ನು ಅಂತಿಮವಾಗಿ ತಳ್ಳಿಹಾಕಿತು. ಜೆನೆರಿಕ್ ಮಾತ್ರೆಗಳ ದಾರಿ ಅದರಿಂದ ಮುಚ್ಚದೆ ಉಳಿಯಿತು.

ರಾಜ್ಯದಲ್ಲಿ 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಈ ರೋಗಿಗಳ ಪ್ರಮುಖ ಸರ್ಕಾರಿ ಆಶ್ರಯ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವು ನೀಡುತ್ತದೆ. ನರಸಿಂಹರಾಜಪುರದವರಿಗೆ ಸ್ವಂತ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗಿಂತ ಶಿವಮೊಗ್ಗ ಹತ್ತಿರ. ಹೆಚ್ಚಿನ ಚಿಕಿತ್ಸೆಗೆ ಘಟ್ಟವಿಳಿದು ಮಣಿಪಾಲ, ಮಂಗಳೂರಿಗೆ ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಮಾತ್ರೆ ಅಗ್ಗವಾದ ಮೇಲೂ ಪ್ರಯಾಣದ ಖರ್ಚು ಮತ್ತು ಕೆಲಸದ ದಿನಗಳ ನಷ್ಟ ಉಳಿದೇ ಇವೆ. ಅಡಿಕೆ ಕೊಯ್ಲಿನ ನಡುವೆಯೋ ಜಡಿಮಳೆಯಲ್ಲೋ ಒಂದು ಪರೀಕ್ಷೆ ಮುಂದೂಡಲ್ಪಟ್ಟರೆ, ಔಷಧಿಗೆ ಜಗ್ಗದ ರೂಪಾಂತರವೊಂದು ಆ ಅವಧಿಯಲ್ಲಿ ಗಮನಕ್ಕೆ ಬಾರದೆ ಬೆಳೆಯಬಹುದು.

ಇತರ ರೋಗಗಳಲ್ಲಿ

ಪಾಲಿಸೈಥೀಮಿಯಾ ವೆರಾ, ಎಸೆನ್ಶಿಯಲ್ ಥ್ರಾಂಬೋಸೈಥೀಮಿಯಾ, ಮೈಲೋಫೈಬ್ರೋಸಿಸ್ ಮತ್ತು ಮೈಲೋಡಿಸ್‌ಪ್ಲಾಸ್ಟಿಕ್ ರೋಗಗಳು ಸಹ ತೀವ್ರ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ತಿರುಗಬಲ್ಲವು. ಇವುಗಳಲ್ಲಿ ಫಿಲಡೆಲ್ಫಿಯಾ ವರ್ಣತಂತು ಇರುವುದಿಲ್ಲವಾದ್ದರಿಂದ ಇಮಾಟಿನಿಬ್‌ನಿಂದ ಆ ತಿರುವನ್ನು ತಡೆಯಲಾಗದು. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದ ದಾರಿ ಬೇರೆ: ಅದು ಉಲ್ಬಣಿಸಿದಾಗ ಸಾಮಾನ್ಯವಾಗಿ ತೀವ್ರ ಲ್ಯುಕೇಮಿಯಾ ಆಗದೆ ವೇಗವಾಗಿ ಬೆಳೆಯುವ ಲಿಂಫೋಮಾ ಆಗುತ್ತದೆ. ಇದನ್ನು ರಿಕ್ಟರ್ ರೂಪಾಂತರ ಎನ್ನುತ್ತಾರೆ.